ತಾಳುವ ಶಕ್ತಿ ಯಾರದು?
ಸರಕು ತಲುಪಿಸುವ ಗುತ್ತಿಗೆದಾರರೂ ದೊಡ್ಡ ಕಂಪನಿಗಳೂ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ವಾಚನಾಲಯಕ್ಕೆ ಒಬ್ಬ ಯುವಕ ಬಂದ. ಪತ್ರಿಕೆಗಳ ಮೇಜಿನ ಕಡೆಗೆ ಹೋಗದೆ ನೇರವಾಗಿ ನಮ್ಮ ಬಳಿಗೆ ಬಂದು ನಿಂತ. ಚಾಮರಾಜನಗರದ ಕಡೆಯವನು, ನಮ್ಮ ಹಳೆಯ ಓದುಗರೊಬ್ಬರ ಸೋದರಳಿಯ. ಮಾಂಬಲಂ ರೈಲ್ವೆ ನಿಲ್ದಾಣದ ಹತ್ತಿರದ ಒಂದು ಅಂಗಡಿಯಲ್ಲಿ ಆರು ವರ್ಷ ದುಡಿದು, ಈಗ ಸ್ವಂತವಾಗಿ ಏನಾದರೂ ಮಾಡಬೇಕೆಂದು ಹೊರಟಿದ್ದಾನೆ. ಅವನ ಕೈಯಲ್ಲಿ 22 ಪುಟಗಳ ಇಂಗ್ಲಿಷ್ ಕರಾರು ಪತ್ರವಿತ್ತು.

"ಅಣ್ಣಾ, ಮಂಗಳವಾರದೊಳಗೆ ಸಹಿ ಹಾಕಿ ಕೊಡಬೇಕಂತೆ. ಇದರಲ್ಲಿ ಏನಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ?" ಎಂದ.

ವಿಷಯ ಇಷ್ಟು. ಮನೆಮನೆಗೆ ಸಾಮಾನು ಕಳುಹಿಸುವ ಒಂದು ದೊಡ್ಡ ಕಂಪನಿಗೆ ಇವನು ಗುತ್ತಿಗೆದಾರನಾಗಬೇಕು. ಇಲ್ಲಿನವರು 'ಕುಟ್ಟಿ ಯಾನೈ' ಎನ್ನುತ್ತಾರಲ್ಲ, ಅಂಥ ಚಿಕ್ಕ ಸರಕುಗಾಡಿಯೊಂದನ್ನು ಸಾಲದ ಮೇಲೆ ಕೊಳ್ಳಬೇಕು. ಅದಕ್ಕೆ ಕಂಪನಿಯ ಬಣ್ಣ ಬಳಿಸಬೇಕು. ಗೋದಾಮಿನಿಂದ ಪೊಟ್ಟಣಗಳನ್ನು ಎತ್ತಿ ಮಾಂಬಲಂ, ಅಶೋಕ್ ನಗರ, ಕೆ.ಕೆ. ನಗರಗಳಲ್ಲಿ ಹಂಚಬೇಕು. ಮುಂಗಡಕ್ಕಾಗಿ ತಾಯಿಯ ಒಡವೆ ಅಡವಿಗೆ ಹೋಗಲು ಸಿದ್ಧವಾಗಿದೆ.

ನಮ್ಮ ಮೆಟ್ರಿಕ್ ಇಂಗ್ಲಿಷು ಮತ್ತು ಒಂದು ನಿಘಂಟಿನ ಸಹಾಯದಿಂದ ಆ ಪತ್ರವನ್ನು ಓದಿ ಮುಗಿಸಲು ಮೂರು ಗಂಟೆ ಹಿಡಿಯಿತು. ಹದಿನಾಲ್ಕನೆಯ ಪುಟದಲ್ಲಿ ಒಂದು ಸಾಲು ಸಿಕ್ಕಿತು: ಎರಡು ಪಕ್ಷಗಳಲ್ಲಿ ಯಾರೇ ಆಗಲಿ 30 ದಿನಗಳ ನೋಟೀಸು ಕೊಟ್ಟು ಕಾರಣ ಹೇಳದೆ ಕರಾರನ್ನು ಮುಗಿಸಬಹುದು. ಸಾಲದ ಕಾಗದವನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಕಂತುಗಳು 48. ಅಂದರೆ, ಸಾಲ 48 ತಿಂಗಳಿನದು. ಕೆಲಸ 30 ದಿನದ್ದು.

ಯುವಕ ಬಹಳ ಹೊತ್ತು ಮಾತನಾಡಲಿಲ್ಲ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಇಂಥ ಕಾಗದಕ್ಕೆ ಸಹಿ ಹಾಕಿದವರು, ಹಾಕಲಿರುವವರು, ಅಂಥವರ ಕೈಕೆಳಗೆ ಗಾಡಿ ಓಡಿಸುವವರು ಹಲವರಿರುವುದರಿಂದ, ಈ ವ್ಯವಹಾರದ ಒಳಗುಟ್ಟನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಬೇಕೆಂದು ತೋರಿತು.

ಸಮಾನರೆಂಬ ಮಾತು

ಕರಾರು ಪತ್ರದ ಮೊದಲ ಪುಟದಲ್ಲಿ ಗುತ್ತಿಗೆದಾರನನ್ನು 'ಪಾಲುದಾರ' ಎಂದು ಕರೆದಿತ್ತು. 30 ದಿನಗಳ ನೋಟೀಸಿನ ಹಕ್ಕು ಇಬ್ಬರಿಗೂ ಇದೆ. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ.

ಕಂಪನಿಗೆ ಈ ಊರಿನಲ್ಲಿ ಇಂಥ 100 ಗಾಡಿಗಳಿವೆಯೆಂದು ಇಟ್ಟುಕೊಳ್ಳಿ. ಒಬ್ಬ ಗುತ್ತಿಗೆದಾರ ಮುನಿಸಿಕೊಂಡು ಹೊರಟುಹೋದರೆ ಕಂಪನಿ ಕಳೆದುಕೊಳ್ಳುವುದು ನೂರರಲ್ಲಿ ಒಂದು ಭಾಗ. ಉಳಿದ 99 ಗಾಡಿಗಳಿಗೆ ಒಂದೊಂದು ಪೊಟ್ಟಣ ಹೆಚ್ಚು ಹೊರಿಸಿದರೆ ಅದೂ ತುಂಬಿಹೋಗುತ್ತದೆ. ಕಂಪನಿಯೇ ಅವನನ್ನು ಬಿಟ್ಟರೆ ಅವನು ಕಳೆದುಕೊಳ್ಳುವುದು ನೂರಕ್ಕೆ ನೂರು. ಹಕ್ಕು ಒಂದೇ, ಅದನ್ನು ಬಳಸುವ ಶಕ್ತಿ ಒಂದೇ ಅಲ್ಲ. 'ಬಡವನ ಕೋಪ ದವಡೆಗೆ ಮೂಲ' ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದನ್ನು ನೋಡಿಯೇ.

ಈಗ ತಿಂಗಳ ಲೆಕ್ಕ. ಇದು ವಿವರಣೆಗಾಗಿ ನಾವು ಹಾಕಿದ ಲೆಕ್ಕವೇ ಹೊರತು ಯಾವ ಕಂಪನಿಯ ದರವೂ ಅಲ್ಲ. ಚಾಲಕನನ್ನಿಟ್ಟು ಓಡಿಸುವ ಒಂದು ಗಾಡಿಯ ಬಿಲ್ಲು ತಿಂಗಳಿಗೆ 60,000 ರೂಪಾಯಿ. ಸಾಲದ ಕಂತು 16,000, ಡೀಸೆಲ್ 18,000, ಚಾಲಕನ ಸಂಬಳ 15,000, ಟೈರು, ವಿಮೆ, ಎಫ್.ಸಿ., ದುರಸ್ತಿ ಎಲ್ಲ ಸೇರಿ 5,000. ಕಳೆದರೆ ಉಳಿಯುವುದು 6,000. ಕಂಪನಿ ದರವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿತೆನ್ನಿ. 'ಹತ್ತು ಪರ್ಸೆಂಟ್ ತಾನೇ' ಎಂದು ಕೇಳಿದವರಿಗೆ ಅನ್ನಿಸಬಹುದು. ಆ ಹತ್ತು ಪರ್ಸೆಂಟೇ 6,000 ರೂಪಾಯಿ. ಅಂದರೆ ಅವನ ಸಂಪಾದನೆ ಪೂರ್ತಿ. ಕಂತು ಇಳಿಯುವುದಿಲ್ಲ, ಡೀಸೆಲ್ ಇಳಿಯುವುದಿಲ್ಲ. ಇಳಿಸಲು ಅವನ ಕೈಯಲ್ಲಿರುವುದು ಚಾಲಕನ ಸಂಬಳ ಒಂದೇ. ಮೇಲಿಂದ ಬಿದ್ದ ಏಟು ಹೀಗೆ ಕೆಳಕ್ಕೆ ಇಳಿಯುತ್ತದೆ.

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ತಾಳ್ಮೆಯ ಗುಣವನ್ನು ಹೊಗಳುವ ಗಾದೆ ಅದು. ವ್ಯಾಪಾರದಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. ಜಗಳ ಬಂದಾಗ ಯಾರು ಹೆಚ್ಚು ದಿನ ಕಾಯಬಲ್ಲರೋ ಅವರ ಮಾತೇ ನಡೆಯುತ್ತದೆ. ಕಂಪನಿಗೂ ಗುತ್ತಿಗೆದಾರನಿಗೂ ನಡುವೆ ಇರುವ ಬಲಾಬಲವನ್ನು ತಿಳಿಯಬೇಕಾದರೆ ದರವನ್ನು ನೋಡಿದರೆ ಸಾಲದು. ಯಾರು ಎಷ್ಟು ದಿನ ತಾಳಬಲ್ಲರು ಎಂಬುದನ್ನು ನೋಡಬೇಕು.

ನಮ್ಮ ಮೇಜಿನ ಮೇಲಿನ ಕಾಗದ

ಈ ವಿಷಯದಲ್ಲಿ ನಾವು ಹೊರಗೆ ನಿಂತು ನೋಡಿದವರಲ್ಲ. ನಾವು ಒಂದು ಹಿಟ್ಟಿನ ಗಿರಣಿಯಲ್ಲಿ ರವಾನೆ ವಿಭಾಗದ ಗುಮಾಸ್ತರು. ಲಾರಿ ಬಂದಾಗ ತೂಕದ ಚೀಟಿ, ಇ-ವೇ ಬಿಲ್ಲು ತಯಾರಿಸುವುದು, ಸರಕು ತಲುಪಿದ ಮೇಲೆ ಸಹಿಯಾದ ರಸೀದಿಯನ್ನು ಬಿಲ್ಲಿಗೆ ಲಗತ್ತಿಸಿ ಲೆಕ್ಕದ ವಿಭಾಗಕ್ಕೆ ಕಳುಹಿಸುವುದು ನಮ್ಮ ಕೆಲಸ. ಹತ್ತು ಲಾರಿಗಳ ಮಾಲೀಕನ ಬಿಲ್ಲು ಬಂದರೆ ಮೇಲಿನವರು 'ಬೇಗ ಹಾಕಿ' ಎನ್ನುತ್ತಿದ್ದರು. ಒಂದೇ ಲಾರಿಯವನ ಬಿಲ್ಲು ಬಂದರೆ 'ಇರಲಿ, ನೋಡೋಣ' ಎನ್ನುತ್ತಿದ್ದರು. ಆ 'ನೋಡೋಣ' ಎಂಬುದು ಎರಡು ತಿಂಗಳಾಗುತ್ತಿತ್ತು, ಮೂರು ತಿಂಗಳಾಗುತ್ತಿತ್ತು. ಬಿಲ್ಲನ್ನು ಕಟ್ಟಿನ ತಳಕ್ಕೆ ಇಟ್ಟ ಕೈ ನಮ್ಮದೇ. ಹಬ್ಬದ ಹಿಂದಿನ ದಿನ ಒಬ್ಬ ಲಾರಿ ಮಾಲೀಕರು ಬಂದು, "ಗುಮಾಸ್ತರೇ, ನನ್ನದು ಒಂದೇ ಗಾಡಿ" ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತಿದ್ದುದು ಇಂದಿಗೂ ನೆನಪಿದೆ.

ಎರಡು ತಿಂಗಳು ತಡವಾಗುವುದೆಂದರೇನು? ಮೇಲಿನ ಲೆಕ್ಕದಲ್ಲಿ ತಿಂಗಳ ಖರ್ಚು 54,000. ಎರಡು ತಿಂಗಳಿಗೆ 1,08,000. ಅಷ್ಟು ಹಣವನ್ನು ಆ ಒಂದು ಗಾಡಿಯವನು ಎಲ್ಲಿಂದಲಾದರೂ ತಂದು ಸುರಿಯಬೇಕು. ತರುವುದು ಬಡ್ಡಿಗೆ, ಕಂಪನಿಗೆ ಅದು ಬಡ್ಡಿಯಿಲ್ಲದ ಸಾಲ. ಚಿಕ್ಕವನು ದೊಡ್ಡವನಿಗೆ ಸಾಲ ಕೊಡುವ ವಿಚಿತ್ರ ವ್ಯವಹಾರವಿದು.

ಅನಿಲದ ಲಾರಿಗಳ ಕಥೆ

ಒಂಟಿ ಗಾಡಿಯವನ ಮಾತು ಹಾಗಿರಲಿ. ಗುತ್ತಿಗೆದಾರರೆಲ್ಲ ಒಂದಾಗಿ ನಿಂತರೆ ಏನಾಗುತ್ತದೆ? ನಮ್ಮ ಸೀಮೆಯಲ್ಲೇ ಇತ್ತೀಚೆಗೆ ನಡೆದ ಒಂದು ಉದಾಹರಣೆ ಇದೆ.

ನಮ್ಮ ಮನೆಗಳ ಅಡಿಗೆ ಅನಿಲವು ಬಂದರುಗಳಿಂದಲೂ ತೈಲ ಶುದ್ಧೀಕರಣ ಕೇಂದ್ರಗಳಿಂದಲೂ ದೊಡ್ಡ ಟ್ಯಾಂಕರ್ ಲಾರಿಗಳಲ್ಲಿ ಹೊರಟು, ಸಿಲಿಂಡರಿಗೆ ತುಂಬುವ ಘಟಕಗಳಿಗೆ ಹೋಗುತ್ತದೆ. ಈ ಲಾರಿಗಳು ಕಂಪನಿಗಳವಲ್ಲ, ಗುತ್ತಿಗೆದಾರರವು. ದಕ್ಷಿಣದಲ್ಲಿ ಅವರ ಸಂಘದ ಕೇಂದ್ರ ಲಾರಿಗಳ ಊರೆಂದು ಹೆಸರಾದ ನಾಮಕ್ಕಲ್. ಎದುರಿಗಿರುವ ಕಂಪನಿಗಳು ಮೂರು: ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ. ಸಾವಿರಾರು ಲಾರಿಗಳು, ಕೊಳ್ಳುವವರು ಮೂವರು. ಬಲ ಎತ್ತ ಕಡೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕಷ್ಟವೂ ಇದೆ. ಅನಿಲದ ಟ್ಯಾಂಕರಿನಲ್ಲಿ ಅಕ್ಕಿ ಮೂಟೆ ಹೇರಲಾಗದು, ಸಿಮೆಂಟು ಹೇರಲಾಗದು. ಆ ಮೂರು ಕಂಪನಿಗಳ ಕೆಲಸ ಹೋದರೆ ಲಾರಿ ಶೆಡ್ಡಿನಲ್ಲಿ ನಿಲ್ಲುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಕಂಪನಿಗಳಿಗಾದರೋ ಬೇರೆ ದಾರಿಗಳೂ ಬೆಳೆಯುತ್ತಿವೆ. ಮಂಗಳೂರಿನಿಂದ ಹಾಸನ, ಮೈಸೂರುಗಳ ಕಡೆಗೆ ಅನಿಲ ಹರಿಯುವ ಕೊಳವೆ ಮಾರ್ಗವೇ ಇದೆ. ಕೊಳವೆ ಮುಷ್ಕರ ಹೂಡುವುದಿಲ್ಲ.

2025ರಿಂದ 2030ರವರೆಗಿನ ಐದು ವರ್ಷದ ಗುತ್ತಿಗೆಗೆ ಕಂಪನಿಗಳು ಹೊಸ ಷರತ್ತುಗಳನ್ನು ಹಾಕಿದಾಗ ಮಾಲೀಕರು ಎದ್ದರು. ಲಾರಿಯಲ್ಲಿ ಬದಲಿ ಚಾಲಕನೋ ಕ್ಲೀನರನೋ ಇಲ್ಲದಿದ್ದರೆ ದಂಡ, ಯಾವ ಬಗೆಯ ಲಾರಿಗೆ ಆದ್ಯತೆ ಎಂಬಂಥ ಷರತ್ತುಗಳು ಅವು. ಬದಲಿ ಚಾಲಕನಿರಬೇಕೆಂಬುದು ಅನ್ಯಾಯದ ಮಾತೆಂದು ನಾವು ಹೇಳಲಾರೆವು. ಬೆಂಕಿಯಂಥ ಸರಕನ್ನು ರಾತ್ರಿಯೆಲ್ಲ ಹೊತ್ತುಕೊಂಡು ಹೋಗುವಾಗ ಒಬ್ಬನೇ ನಿದ್ದೆಗೆಟ್ಟು ಓಡಿಸುವುದು ಅವನಿಗೂ ದಾರಿಯವರಿಗೂ ಅಪಾಯ. ಆದರೆ ಎರಡನೆಯ ಚಾಲಕನ ಸಂಬಳವನ್ನು ಯಾರು ಕೊಡಬೇಕು, ಬಾಡಿಗೆಯಲ್ಲಿ ಅದಕ್ಕೆ ಜಾಗವಿದೆಯೇ ಎಂಬುದು ಮಾಲೀಕರ ಪ್ರಶ್ನೆ. 2025ರ ಮಾರ್ಚ್ 27ರಂದು ತಮಿಳುನಾಡು, ಕರ್ನಾಟಕ, ಕೇರಳ, ಆಂಧ್ರ, ತೆಲಂಗಾಣ, ಪುದುಚೇರಿಗಳಲ್ಲಿ ಟ್ಯಾಂಕರುಗಳು ನಿಂತವು. ಘಟಕಗಳಲ್ಲಿರುವ ದಾಸ್ತಾನು ಕೆಲವು ದಿನಗಳದ್ದು. ಅದು ಮುಗಿದರೆ ಮನೆಮನೆಯ ಒಲೆಯೇ ಆರುತ್ತದೆ. ಕಂಪನಿಗಳ ತಾಳುವ ಶಕ್ತಿಗೆ ಇಲ್ಲಿ ಒಂದು ಮಿತಿಯಿತ್ತು. ಮಾತುಕತೆ ನಡೆಯಿತು, ಕೆಲವೇ ದಿನಗಳಲ್ಲಿ ಲಾರಿಗಳು ಮತ್ತೆ ಹೊರಟವು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ, ಹೊಸ ಟೆಂಡರಿನಲ್ಲಿ ಕೆಲಸ ಸಿಗದೆ ಉಳಿದ ಲಾರಿಗಳ ವಿಷಯವಾಗಿ ಮತ್ತೆ ಮುಷ್ಕರ ಹೂಡಬೇಕಾಯಿತು.

ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಒಬ್ಬನಿಗೆ ಇಲ್ಲದ ತಾಳುವ ಶಕ್ತಿ ಎಲ್ಲರೂ ಕೂಡಿದಾಗ ಬರುತ್ತದೆ. ಆದರೆ ಅದು ಮಾತುಕತೆಯ ಮೇಜಿನವರೆಗೆ ಕರೆದೊಯ್ಯಬಲ್ಲದು. ಯಾರಿಗೆ ಕೆಲಸ ಕೊಡಬೇಕು, ಯಾರಿಗೆ ಬೇಡ ಎಂಬ ಲೇಖನಿ ಆಗಲೂ ಕಂಪನಿಯ ಕೈಯಲ್ಲೇ ಉಳಿಯುತ್ತದೆ.

ಕಂಪನಿ, ಗುತ್ತಿಗೆದಾರ, ಚಾಲಕ

ಇನ್ನು ಬೈಕಿನ ಮೇಲೆ ಊಟದ ಚೀಲ ಹೊತ್ತು ಓಡಾಡುವ ನಮ್ಮ ಹುಡುಗರು. ಸಂಜೆಯಾದರೆ ದೊರೈಸ್ವಾಮಿ ಸಬ್‌ವೇಯ ಬಾಯಲ್ಲಿ ಎಷ್ಟು ಮಂದಿ ಸಿಕ್ಕಿಕೊಂಡು ಗಡಿಯಾರ ನೋಡುತ್ತಿರುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಅವರೂ ಕಾಗದದ ಮೇಲೆ ಸ್ವತಂತ್ರ ಗುತ್ತಿಗೆದಾರರೇ. ಬೈಕು ತಮ್ಮದು, ಪೆಟ್ರೋಲು ತಮ್ಮದು, ಫೋನು ತಮ್ಮದು. ದರ ಮಾತ್ರ ಕಂಪನಿಯದು. 2020ರ ಆಗಸ್ಟ್ ತಿಂಗಳಲ್ಲಿ ಇದೇ ಚೆನ್ನೈಯಲ್ಲಿ ಸ್ವಿಗ್ಗಿಯ ಸವಾರರು ಕೆಲಸ ನಿಲ್ಲಿಸಿದರು. ಒಂದು ಊಟ ತಲುಪಿಸಿದರೆ 35 ರೂಪಾಯಿ ಸಿಗುತ್ತಿದ್ದುದು 15ಕ್ಕೆ ಇಳಿದಿದೆ ಎಂಬುದು ಅವರ ದೂರು. ಆ 15 ರೂಪಾಯಿ ಒಟ್ಟು ಸಂಪಾದನೆಯ ಒಂದು ಭಾಗ ಮಾತ್ರ ಎಂಬುದು ಕಂಪನಿಯ ಉತ್ತರ. ಯಾರ ಲೆಕ್ಕ ಸರಿಯೋ ಹೊರಗಿನವರು ಹೇಳುವುದು ಕಷ್ಟ. ಏಕೆಂದರೆ ಲೆಕ್ಕದ ಪುಸ್ತಕವೇ ಒಬ್ಬರ ಬಳಿ ಇದೆ. ದರ ಹೇಗೆ ಹುಟ್ಟುತ್ತದೆ, ಯಾವ ಕೆಲಸ ಯಾರಿಗೆ ಹೋಗುತ್ತದೆ ಎಂಬುದನ್ನು ಯಂತ್ರ ತೀರ್ಮಾನಿಸುವಾಗ, ಕೇಳುವುದಾದರೂ ಯಾರನ್ನು?

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಗುತ್ತಿಗೆದಾರನು ಕಂಪನಿಯ ಮುಂದೆ ಚಿಕ್ಕವನು. ತನ್ನ ಚಾಲಕನ ಮುಂದೆ ಅವನೇ ದೊಡ್ಡವನು. ತನಗೆ 30 ದಿನದ ನೋಟೀಸು ಸಾಲದೆಂದು ಕೊರಗುವವನು ಚಾಲಕನನ್ನು 'ನಾಳೆಯಿಂದ ಬರಬೇಡ' ಎಂದು ಒಂದೇ ಮಾತಿನಲ್ಲಿ ಕಳುಹಿಸುವುದನ್ನು ನಾವು ಕಂಡಿದ್ದೇವೆ. ದೊಡ್ಡ ಕಂಪನಿಗೆ ಈ ವ್ಯವಸ್ಥೆಯಿಂದ ಮುಖ್ಯ ಲಾಭವೂ ಇದೇ. ಚಾಲಕನ ಕೋಪ ಗುತ್ತಿಗೆದಾರನ ಮೇಲೆ ತಿರುಗುತ್ತದೆ. ದರ ಕಟ್ಟಿದವರು ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಅಮೆರಿಕದಲ್ಲಿ ಫೆಡೆಕ್ಸ್ ಗ್ರೌಂಡ್ ಎಂಬ ಸಾಗಣೆ ಕಂಪನಿ ತನ್ನ ಚಾಲಕರನ್ನು ಸ್ವತಂತ್ರ ಗುತ್ತಿಗೆದಾರರೆಂದು ಕರೆಯುತ್ತಿತ್ತು. ಉಡುಪು, ಗಾಡಿಯ ಬಣ್ಣ, ಕೆಲಸದ ರೀತಿ ಎಲ್ಲ ಕಂಪನಿ ಹೇಳಿದಂತೆ ಇರುವಾಗ ಅವರು ನೌಕರರೇ ಎಂದು 2014ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕ್ಯಾಲಿಫೋರ್ನಿಯ ಮತ್ತು ಓರೆಗಾನ್ ಚಾಲಕರ ಮೊಕದ್ದಮೆಗಳಲ್ಲಿ ತೀರ್ಪು ಕೊಟ್ಟಿತು. ಕ್ಯಾಲಿಫೋರ್ನಿಯದವರಿಗೆ 22 ಕೋಟಿ 80 ಲಕ್ಷ ಡಾಲರು ಕೊಟ್ಟು ರಾಜಿಯಾಗಲು ಕಂಪನಿ 2015ರಲ್ಲಿ ಒಪ್ಪಿತು. ಆದರೆ ಅದು ಒಬ್ಬೊಬ್ಬ ಚಾಲಕನೊಡನೆ ಕರಾರು ಮಾಡುವ ಬದಲು, ಹಲವು ಗಾಡಿಗಳಿರುವ ಗುತ್ತಿಗೆದಾರರೊಡನೆ ಮಾತ್ರ ಕರಾರು ಮಾಡುವ ಪದ್ಧತಿಗೆ ತಿರುಗಿತು. ಚಾಲಕರು ಈಗ ನೌಕರರೇ. ಆದರೆ ಕಂಪನಿಯ ನೌಕರರಲ್ಲ, ಗುತ್ತಿಗೆದಾರನ ನೌಕರರು.

ಆ ನಡುವಿನವನ ಗತಿ ಏನೆಂಬುದು 2023ರಲ್ಲಿ ಕ್ಯಾಲಿಫೋರ್ನಿಯದ ಪಾಮ್‌ಡೇಲ್ ಎಂಬ ಊರಿನಲ್ಲಿ ಕಂಡಿತು. ಅಮೆಜಾನಿನ ಒಬ್ಬ ಗುತ್ತಿಗೆದಾರನ 84 ಮಂದಿ ಕೆಲಸಗಾರರು ಸಂಘ ಸೇರಿದರು. ಗುತ್ತಿಗೆದಾರನೂ ಸಂಘವನ್ನು ಒಪ್ಪಿ ಒಪ್ಪಂದ ಮಾಡಿಕೊಂಡ. ಆ ಗುತ್ತಿಗೆಯೇ ಕೊನೆಗೊಂಡಿತು. ನೋಟೀಸು ಅದಕ್ಕೆ ಮೊದಲೇ ಹೋಗಿತ್ತು ಎಂದು ಕಂಪನಿ ಹೇಳಿತು. ಹೇಗಾದರೂ ಆಗಲಿ, ಚಾಲಕರು ಯಾರೊಡನೆ ಒಪ್ಪಂದ ಮಾಡಿಕೊಂಡರೋ ಅವನ ಕೈಯಲ್ಲಿ ಕೊಡಲು ಕೆಲಸವೇ ಉಳಿಯಲಿಲ್ಲ.

ಕಾಯಿದೆ ಎಲ್ಲಿ ನಿಲ್ಲುತ್ತದೆ?

ಬಲವಿಲ್ಲದವನಿಗೆ ಕಾಯಿದೆಯಾದರೂ ಆಸರೆಯಾಗಬೇಕು. ಆದರೆ ಒಂದೇ ಕಾಯಿದೆ ಎಲ್ಲರನ್ನೂ ಕಾಯುವುದಿಲ್ಲ. ಯಾರು ಯಾವ ಮೆಟ್ಟಿಲಿನ ಮೇಲಿದ್ದಾರೆಂಬುದನ್ನು ಮೊದಲು ನೋಡಿಕೊಳ್ಳಬೇಕು.

ಬೈಕಿನ ಸವಾರರ ವಿಷಯದಲ್ಲಿ ನಮ್ಮ ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿದೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಗಸ್ಟಿನಲ್ಲಿ ವಿಧಾನಮಂಡಲದಲ್ಲಿ ಅಂಗೀಕಾರವಾದ ಗಿಗ್ ಕಾರ್ಮಿಕರ ಕಾಯಿದೆಯ ಪ್ರಕಾರ, ಕಾರಣ ತಿಳಿಸಿ 14 ದಿನಗಳ ನೋಟೀಸು ಕೊಡದೆ ಸವಾರನನ್ನು ತೆಗೆಯುವಂತಿಲ್ಲ. ಕರಾರು ಸರಳ ಭಾಷೆಯಲ್ಲಿರಬೇಕು. ಷರತ್ತು ಬದಲಾಯಿಸುವುದಾದರೆ ಮೊದಲೇ ತಿಳಿಸಬೇಕು. ಯಂತ್ರ ಕೆಲಸ ಹಂಚುವ ಬಗೆಯನ್ನು ತಿಳಿಯುವ ಹಕ್ಕು ಅವನಿಗಿದೆ. ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ 1ರಿಂದ 5 ಪರ್ಸೆಂಟಿನವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡಬಹುದು. ಇಲ್ಲಿ ತಮಿಳುನಾಡಿನಲ್ಲಿ 2023ರಲ್ಲಿ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿ ಸ್ಥಾಪನೆಯಾಗಿದೆ. ನಮ್ಮ ಹುಡುಗರು ಅದರಲ್ಲಿ ತಪ್ಪದೆ ಹೆಸರು ಬರೆಸಿಕೊಳ್ಳಬೇಕು. ಇದಲ್ಲದೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಇಂಥ ಕಂಪನಿಗಳು ವಾರ್ಷಿಕ ವಹಿವಾಟಿನ 1ರಿಂದ 2 ಪರ್ಸೆಂಟು ಹಣವನ್ನು ಕಾರ್ಮಿಕರ ಭದ್ರತಾ ನಿಧಿಗೆ ಕೊಡಬೇಕೆಂದಿದೆ. ಅದು ಅವರು ಕಾರ್ಮಿಕರಿಗೆ ಕೊಡುವ ಹಣದ 5 ಪರ್ಸೆಂಟನ್ನು ಮೀರುವಂತಿಲ್ಲ.

ಗುತ್ತಿಗೆದಾರನ ಕೈಕೆಳಗಿನ ಚಾಲಕನಿಗೆ ಬೇರೆ ಕಾಯಿದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿತ್ತು. ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ಆದರೆ ಹಳೆಯ ಕಾಯಿದೆ 20 ಮಂದಿ ಗುತ್ತಿಗೆ ಕಾರ್ಮಿಕರಿದ್ದಲ್ಲಿಗೆ ಅನ್ವಯಿಸುತ್ತಿತ್ತು. ಹೊಸದರಲ್ಲಿ ಆ ಸಂಖ್ಯೆ 50 ಆಗಿದೆ. ನಾಲ್ಕು ಗಾಡಿಯ ಗುತ್ತಿಗೆದಾರ ತನ್ನ ಮಟ್ಟಿಗೆ ಈ ಎಣಿಕೆಯ ಹೊರಗೇ ಉಳಿಯುತ್ತಾನೆ.

ಇನ್ನು ನಡುವಿನವನು, ಅಂದರೆ ನಮ್ಮ ಯುವಕನಂಥವನು. ಅವನು ಕಾರ್ಮಿಕನೂ ಅಲ್ಲ, ದೊಡ್ಡ ಸಾಹುಕಾರನೂ ಅಲ್ಲ. 1986ರಲ್ಲಿ ಸುಪ್ರೀಂ ಕೋರ್ಟು ಒಳನಾಡು ಜಲಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಬಲದಲ್ಲಿ ಅಜಗಜಾಂತರವಿರುವಾಗ, ಬೇರೆ ಗತಿಯಿಲ್ಲದೆ ಒಪ್ಪಿದ ಅನ್ಯಾಯದ ಷರತ್ತು ಊರ್ಜಿತವಲ್ಲವೆಂದು ಹೇಳಿ, ಕಾರಣ ಹೇಳದೆ ಮೂರು ತಿಂಗಳ ನೋಟೀಸಿನ ಮೇಲೆ ನೌಕರರನ್ನು ತೆಗೆಯುವ ನಿಯಮವನ್ನು ರದ್ದುಮಾಡಿತು. ಆದರೆ ಇಬ್ಬರೂ ವ್ಯಾಪಾರಿಗಳಾಗಿದ್ದು ವ್ಯವಹಾರವೂ ವ್ಯಾಪಾರದ್ದೇ ಆಗಿದ್ದರೆ ಈ ತತ್ತ್ವ ಅನ್ವಯಿಸದೆ ಇರಬಹುದೆಂದೂ ಅದೇ ತೀರ್ಪಿನಲ್ಲಿದೆ. 'ಪಾಲುದಾರ' ಎಂಬ ಗೌರವದ ಹೆಸರಿನ ಬೆಲೆ ಈಗ ತಿಳಿಯಿತಲ್ಲವೇ? ಆ ಹೆಸರಿಗೆ ಸಹಿ ಹಾಕಿದೊಡನೆ ನೌಕರನಿಗಿರುವ ರಕ್ಷಣೆಯಿಂದ ಹೊರಗೆ ಕಾಲಿಟ್ಟಂತೆ.

ಆದರೂ ಅವನ ಕೈ ಪೂರ್ತಿ ಬರಿದಲ್ಲ. 2006ರ ಸಣ್ಣ ಉದ್ಯಮಗಳ ಕಾಯಿದೆಯೊಂದಿದೆ. ಸಾಗಣೆ ಒಂದು ಸೇವೆಯಾದ್ದರಿಂದ ಒಂದೇ ಗಾಡಿಯವನೂ 'ಉದ್ಯಮ್' ನೋಂದಣಿ ಮಾಡಿಸಬಹುದು, ಅದಕ್ಕೆ ಶುಲ್ಕವಿಲ್ಲ. ಅಂಥವನ ಬಿಲ್ಲನ್ನು 45 ದಿನಗಳೊಳಗೆ ತೀರಿಸಲೇಬೇಕು. ಕರಾರಿನಲ್ಲಿ 60 ದಿನ, 90 ದಿನ ಎಂದು ಬರೆದಿದ್ದರೂ ಸಲ್ಲದು. ಬರಹದ ಕರಾರೇ ಇಲ್ಲದಿದ್ದರೆ ಗಡುವು 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳಿಗೂ ಲೆಕ್ಕ. ದೂರು ಕೊಡಲು ಇದಕ್ಕೆಂದೇ ಇರುವ ಮಂಡಳಿ ಚೆನ್ನೈಯಲ್ಲಿಯೂ ಇದೆ. ಕೆಲಸ ಆರಂಭಿಸುವ ಮೊದಲೇ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸುವುದು ಕ್ಷೇಮ.

'ದೂರು ಕೊಟ್ಟರೆ ನಾಳೆ ಕೆಲಸವೇ ಹೋಗುತ್ತದಲ್ಲ' ಎಂದು ನೀವು ಕೇಳುವುದು ಸರಿಯೇ. ಕಾಯಿದೆ ಬಂದು ಬಹಳ ವರ್ಷ ನಮ್ಮ ಕಚೇರಿಯಲ್ಲಿಯೂ ಯಾರೂ ಅದನ್ನು ಲಕ್ಷಿಸಲಿಲ್ಲ. ಆದರೆ 2024ರ ಏಪ್ರಿಲಿನಿಂದ ಆದಾಯ ತೆರಿಗೆಯಲ್ಲಿ ಒಂದು ಬದಲಾವಣೆ ಜಾರಿಗೆ ಬಂತು. ಇಂಥ ಸಣ್ಣವರಿಗೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವವರೆಗೆ ಆ ಮೊತ್ತವನ್ನು ಕೊಳ್ಳುವವನು ತನ್ನ ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವಂತಿಲ್ಲ. ಆ ಮಾರ್ಚ್ ಬರುವ ಮೊದಲೇ ಲೆಕ್ಕಪರಿಶೋಧಕರು 'ಉದ್ಯಮ್ ಸಂಖ್ಯೆ ಇರುವ ಬಿಲ್ಲುಗಳ ಪಟ್ಟಿ ಕೊಡಿ' ಎಂದು ಕೇಳಿದರು. ಕಟ್ಟಿನ ತಳದಲ್ಲಿದ್ದ ಕಾಗದಗಳು ಮೇಲಕ್ಕೆ ಬಂದವು. ಯಾರೂ ದೂರು ಕೊಟ್ಟಿರಲಿಲ್ಲ, ಯಾರೂ ಜಗಳವಾಡಿರಲಿಲ್ಲ. ಆ ಸಂಖ್ಯೆ ಇಲ್ಲದವರ ಬಿಲ್ಲು ಮಾತ್ರ ಇದ್ದಲ್ಲೇ ಇತ್ತು. ಅಂದು ನಮ್ಮ ಕೈಯಿಂದಲೇ ಮೂವರು ಲಾರಿ ಮಾಲೀಕರಿಗೆ ನೋಂದಣಿಯ ವಿಳಾಸ ಬರೆದುಕೊಟ್ಟೆವು.

ಸಹಿ ಹಾಕುವ ಮುನ್ನ

ಕರಾರು ಪತ್ರ ಕೈಗೆ ಬಂದಾಗ ದರ ಎಷ್ಟೆಂದು ಮೊದಲ ಪುಟದಲ್ಲಿ ಹುಡುಕಿ ಸಂತೋಷಪಡಬಾರದು. ಈ ಆರು ವಿಷಯಗಳನ್ನು ನೋಡತಕ್ಕದ್ದು:

1. ನೋಟೀಸು ಎಷ್ಟು ದಿನದ್ದು, ಸಾಲ ಎಷ್ಟು ತಿಂಗಳಿನದು? ಎರಡರ ನಡುವಿನ ಅಂತರವೇ ನಿಮ್ಮ ಅಪಾಯದ ಅಳತೆ.

2. ದರವನ್ನು ಯಾರು, ಯಾವಾಗ ಬದಲಾಯಿಸಬಹುದು? ಡೀಸೆಲ್ ಬೆಲೆ ಏರಿದರೆ ಬಾಡಿಗೆಯೂ ಏರುವ ಷರತ್ತು ಇದೆಯೇ?

3. ಇಂತಿಷ್ಟು ಕೆಲಸ ಕೊಟ್ಟೇ ಕೊಡುತ್ತೇವೆಂದು ಬರೆದಿದೆಯೇ? 'ಕೊಡಬಹುದು' ಎಂದಿದ್ದರೆ ಅದು ಭರವಸೆಯಲ್ಲ.

4. ದಂಡ, ಕಡಿತಗಳು ಯಾವುವು? ಕಳೆದುಹೋದ ಪೊಟ್ಟಣ, ತಡವಾದ ಸರಕು, ಗಿರಾಕಿಯ ದೂರು: ಇವನ್ನು ತೀರ್ಮಾನಿಸುವವರು ಯಾರು?

5. ಬೇರೆಯವರ ಸರಕನ್ನು ಹೇರಲು ಸ್ವಾತಂತ್ರ್ಯವಿದೆಯೇ? ಗಾಡಿಗೆ ಕಂಪನಿಯ ಬಣ್ಣ ಬಳಿಸಿದರೆ ಬೇರೆ ವ್ಯಾಪಾರಿ ಕರೆಯುವನೇ? ಬಣ್ಣವೂ ಒಂದು ಸರಪಳಿಯಾಗಬಲ್ಲದು.

6. ವ್ಯಾಜ್ಯವಾದರೆ ಯಾವ ಊರಿನಲ್ಲಿ ತೀರ್ಮಾನ? ದೂರದ ದೆಹಲಿಯೆಂದಿದ್ದರೆ, 20,000 ರೂಪಾಯಿಯ ಜಗಳಕ್ಕೆ ಅಲ್ಲಿಗೆ ಹೋಗಿ ಬರಲು ಎಷ್ಟು ಮಂದಿಗೆ ಸಾಧ್ಯ?

ಈ ಆರಕ್ಕೂ ಒಳ್ಳೆಯ ಉತ್ತರ ಸಿಗುವುದು ಅಪರೂಪ. ಉತ್ತರ ಏನೆಂದು ತಿಳಿದು ಸಹಿ ಹಾಕುವುದಕ್ಕೂ ತಿಳಿಯದೆ ಹಾಕುವುದಕ್ಕೂ ವ್ಯತ್ಯಾಸವಿದೆ. ತಿಳಿದವನು ಸಾಲವನ್ನು ಚಿಕ್ಕದಾಗಿ ಇಡುತ್ತಾನೆ, ಎರಡನೆಯ ಗಿರಾಕಿಯನ್ನು ಹುಡುಕಿಟ್ಟುಕೊಳ್ಳುತ್ತಾನೆ, ಮೂರು ತಿಂಗಳ ಕಂತನ್ನು ಬೇರೆ ಎತ್ತಿಡುತ್ತಾನೆ, ತನ್ನಂಥವರ ಸಂಘ ಸೇರುತ್ತಾನೆ. ಇವು ನಾಲ್ಕೂ ತಾಳುವ ಶಕ್ತಿಯನ್ನು ಬೆಳೆಸುವ ದಾರಿಗಳು.

ಆ ಯುವಕ ಏನು ಮಾಡಿದನೆಂದು ನೀವು ಕೇಳಬಹುದು. ಸೋಮವಾರ ಕಂಪನಿಯ ಕಚೇರಿಗೆ ಹೋಗಿ ಈ ಪ್ರಶ್ನೆಗಳನ್ನು ಕೇಳಿದ. 'ಇದು ಇಡೀ ದೇಶಕ್ಕೆ ಒಂದೇ ಅಚ್ಚಿನ ಕಾಗದ, ಒಂದಕ್ಷರವೂ ಬದಲಾಗುವುದಿಲ್ಲ' ಎಂದು ಅಲ್ಲಿನವರು ಮರ್ಯಾದೆಯಿಂದಲೇ ಹೇಳಿದರಂತೆ. ಅವನು ಮಂಗಳವಾರ ಸಹಿ ಹಾಕಲಿಲ್ಲ. ಸೋದರಮಾವನಿಗೆ ಸಿಟ್ಟು ಬಂತು. ಸಿಕ್ಕ ಅವಕಾಶವನ್ನು ಗುಮಾಸ್ತನ ಮಾತು ಕೇಳಿ ಕಳೆದನೆಂದು ನಮ್ಮೊಡನೆ ಎರಡು ವಾರ ಮಾತು ಬಿಟ್ಟಿದ್ದರು. ಈಗ ಹುಡುಗ ಒಂದು ಹಳೆಯ ಗಾಡಿಯನ್ನು ಸಣ್ಣ ಸಾಲದಲ್ಲಿ ಕೊಂಡಿದ್ದಾನೆ. ತಾಯಿಯ ಬಳೆಗಳಲ್ಲಿ ಎರಡು ಮಾತ್ರ ಅಡವಿಗೆ ಹೋದವು. ಬೆಳಗಿನ ಜಾವ ಕೊಯಂಬೇಡಿನಿಂದ ಇಬ್ಬರು ತರಕಾರಿ ವ್ಯಾಪಾರಿಗಳ ಮೂಟೆ ಹೇರುತ್ತಾನೆ. ಮಧ್ಯಾಹ್ನದ ಮೇಲೆ ಬೇರೊಂದು ಅಂಗಡಿಯ ಸಾಮಾನು. ಸಂಪಾದನೆ ಕಂಪನಿ ಹೇಳಿದ್ದಕ್ಕಿಂತ ಕಡಮೆ. ಅವನು ಮಾಡಿದ್ದು ಸರಿಯೇ ಎಂಬುದನ್ನು ಒಂದು ವರ್ಷ ಕಳೆದ ಮೇಲೆ ಹೇಳಬೇಕು. ಒಬ್ಬ ಗಿರಾಕಿ 'ನಾಳೆಯಿಂದ ಬೇಡ' ಎಂದರೆ ಅವನ ಒಲೆ ಆರುವುದಿಲ್ಲ ಎಂಬುದನ್ನಷ್ಟೇ ಇಂದು ಹೇಳಬಹುದು.

ಕೊನೆಯದಾಗಿ ಒಂದು ವಿಜ್ಞಾಪನೆ. ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ನಾವು ವಾಚನಾಲಯದಲ್ಲಿ ಇರುತ್ತೇವೆ. ಕರಾರು ಪತ್ರವಾಗಲಿ ಸಾಲದ ಕಾಗದವಾಗಲಿ ತಂದರೆ ಕನ್ನಡದಲ್ಲಿ ಓದಿ ಹೇಳುತ್ತೇವೆ. ನಾವು ವಕೀಲರಲ್ಲ, ನಮಗೆ ಅರ್ಥವಾಗದ್ದನ್ನು ಅರ್ಥವಾಗಲಿಲ್ಲವೆಂದೇ ಹೇಳಿ, ತಿಳಿದವರ ಬಳಿಗೆ ಕಳುಹಿಸುತ್ತೇವೆ. ಬಂಧುಗಳು ಕಾಗದವನ್ನು ಸಹಿ ಹಾಕುವ ಮೊದಲು ತರಬೇಕೆಂದು ಪ್ರಾರ್ಥನೆ. ಹಾಕಿದ ಮೇಲೆ ತಂದವರೇ ಇದುವರೆಗೆ ಹೆಚ್ಚು.